ನೂರಕ್ಕೆ ಮೂರು ಕಡಿಮೆಯೋ, ಹನ್ನೆರಡು ಕಡಿಮೆಯೋ?

ಕೂಡುವುದು, ಗುಣಿಸುವುದು ಚೆನ್ನಾಗಿ ಬರುವ ಮಕ್ಕಳೂ ವಾಕ್ಯರೂಪದ ಲೆಕ್ಕ ಕಂಡೊಡನೆ ತಡವರಿಸುತ್ತಾರೆ. 'ಇದು ಕೂಡುವ ಲೆಕ್ಕವಾ, ಕಳೆಯುವ ಲೆಕ್ಕವಾ?' ಎಂಬುದೇ ಅವರ ಮೊದಲ ಪ್ರಶ್ನೆ. ಲೆಕ್ಕದಲ್ಲಿ ಏನಿದೆ ಎಂದು ನೋಡುವ ಮೊದಲೇ ಅಂಕಿಗಳನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಈ ವಾರದ ಲೆಕ್ಕ ನೋಡಿ:

ಒಬ್ಬ ರೈತನಿಗೆ ಬಿತ್ತನೆಗೆ 20,000 ರೂಪಾಯಿ ಸಾಲ ಬೇಕು. ಎಂಟು ತಿಂಗಳ ನಂತರ ಬೆಳೆ ಮಾರಿ ತೀರಿಸುತ್ತಾನೆ. ಊರ ಸಾಹುಕಾರ 'ನೂರಕ್ಕೆ ಮೂರು ರೂಪಾಯಿ ಬಡ್ಡಿ' ಎನ್ನುತ್ತಾನೆ. ಬ್ಯಾಂಕಿನವರು 'ಶೇಕಡಾ 12' ಎನ್ನುತ್ತಾರೆ. ಎರಡೂ ಸರಳ ಬಡ್ಡಿ. ಯಾವುದು ಲಾಭ? ಎಷ್ಟು ಉಳಿಯುತ್ತದೆ?

ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ 'ಹೌ ಟು ಸಾಲ್ವ್ ಇಟ್' ಪುಸ್ತಕದಲ್ಲಿ ಲೆಕ್ಕ ಬಿಡಿಸಲು ನಾಲ್ಕು ಹಂತ ಹೇಳಿದ್ದಾನೆ: ಅರ್ಥ ಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಲೆಕ್ಕ ಮಾಡುವುದು, ಹಿಂದಿರುಗಿ ನೋಡುವುದು. ಅದರಂತೆಯೇ ಸಾಗೋಣ.

ಮೊದಲನೆಯ ಹಂತ: ಲೆಕ್ಕವನ್ನು ಎರಡು ಸಲ ಓದಿ. ಕೊಟ್ಟದ್ದು ಏನು, ಕೇಳಿದ್ದು ಏನು ಎಂದು ಬೇರೆ ಬೇರೆ ಬರೆಯಿರಿ. ಇಲ್ಲೊಂದು ಗುಟ್ಟಿದೆ. ಊರಿನ ಕೈಸಾಲದ ಮಾತಿನಲ್ಲಿ 'ನೂರಕ್ಕೆ ಮೂರು' ಎಂದರೆ ತಿಂಗಳಿಗೆ. ಬ್ಯಾಂಕಿನ ಶೇಕಡಾ 12 ವರ್ಷಕ್ಕೆ. ಈ ಅವಧಿಯನ್ನು ಇಬ್ಬರೂ ಬಾಯಿಬಿಟ್ಟು ಹೇಳಿಲ್ಲ!

ಎರಡನೆಯ ಹಂತ: ಎರಡನ್ನೂ ಒಂದೇ ಅಳತೆಗೆ ತರಬೇಕು. ತಿಂಗಳ ಬಡ್ಡಿ ಕಂಡುಹಿಡಿದು ಎಂಟರಿಂದ ಗುಣಿಸಿದರಾಯಿತು.

ಮೂರನೆಯ ಹಂತ: 20,000ದಲ್ಲಿ 200 ನೂರುಗಳಿವೆ. ಸಾಹುಕಾರನಿಗೆ ತಿಂಗಳಿಗೆ 200 × 3 = 600 ರೂ. ಎಂಟು ತಿಂಗಳಿಗೆ 4,800 ರೂ. ಬ್ಯಾಂಕಿಗೆ ವರ್ಷಕ್ಕೆ 200 × 12 = 2,400 ರೂ. ಅಂದರೆ ತಿಂಗಳಿಗೆ 200 ರೂ. ಎಂಟು ತಿಂಗಳಿಗೆ 1,600 ರೂ. ಬ್ಯಾಂಕಿನ ಸಾಲದಿಂದ ಉಳಿಯುವುದು 3,200 ರೂ.

ನಾಲ್ಕನೆಯ ಹಂತ: ತಿಂಗಳಿಗೆ 3 ಎಂದರೆ ವರ್ಷಕ್ಕೆ 36. ಅದು 12ರ ಮೂರು ಪಟ್ಟು. 4,800 ಕೂಡ 1,600ರ ಮೂರು ಪಟ್ಟು. ತಾಳೆಯಾಯಿತು.

ಮೊದಲ ಹಂತ ಬಿಟ್ಟು, ಮೂರನ್ನೂ ವರ್ಷದ ದರವೆಂದೇ ತಿಳಿದವರಿಗೆ ಸಾಹುಕಾರನ ಬಡ್ಡಿ ಬರೀ 400 ರೂ. ಎನಿಸುತ್ತದೆ. ಅವರು 1,200 ರೂ. ಉಳಿಯಿತೆಂದು ಹಿಗ್ಗುತ್ತ ಸಾಹುಕಾರನ ಮನೆ ಬಾಗಿಲಿಗೆ ಹೋಗುತ್ತಾರೆ. ಗುಣಾಕಾರದಲ್ಲಿ ತಪ್ಪಿಲ್ಲ, ಓದಿನಲ್ಲಿ ತಪ್ಪಿದೆ. ಪರೀಕ್ಷೆಯಲ್ಲಾದರೆ ಹೋಗುವುದು ನಾಲ್ಕು ಅಂಕ. ಬಾಳಿನಲ್ಲಾದರೆ ಬೆಳೆಯ ಹಣ.

ಬಡ್ಡಿಯ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಅಸಲು, ಬಡ್ಡಿಗಳ ಲೆಕ್ಕಗಳನ್ನು ಕೊಟ್ಟಿದ್ದಾನೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ' ಬರೆದ.

ಪಾಲಕರಿಗೊಂದು ಮಾತು. ಮಗು ತಡವರಿಸಿದಾಗ ಥಟ್ಟನೆ 'ಗುಣಿಸು' ಎಂದು ಹೇಳಿಕೊಡಬೇಡಿ. 'ಲೆಕ್ಕವನ್ನು ನಿನ್ನ ಮಾತಿನಲ್ಲಿ ಹೇಳು' ಎನ್ನಿ. ಕಥೆಯಂತೆ ಹೇಳಬಲ್ಲ ಮಗುವಿಗೆ ಅರ್ಧ ಲೆಕ್ಕ ಬಂದಂತೆಯೇ. ಮನೆಗೆ ಬರುವ ಹಾಲಿನ ಲೆಕ್ಕ, ಕರೆಂಟ್ ಬಿಲ್, ಚೀಟಿಯ ಲೆಕ್ಕಗಳನ್ನು ಮಕ್ಕಳ ಮುಂದಿಡಿ.

ಅಭ್ಯಾಸಕ್ಕೆ: ಒಬ್ಬರು 5,000 ರೂ. ಕೈಸಾಲವನ್ನು ತಿಂಗಳಿಗೆ ನೂರಕ್ಕೆ ಐದರಂತೆ, ಒಂದು ತಿಂಗಳ ಮಟ್ಟಿಗೆ ಪಡೆದರು. ಸಾಲ ಕೊಟ್ಟವನು ಬಡ್ಡಿಯನ್ನು ಮೊದಲೇ ಮುರಿದುಕೊಂಡ. ಕೈಗೆ ಬಂದದ್ದೆಷ್ಟು? ಆ ಹಣಕ್ಕೆ ನಿಜವಾಗಿ ತೆತ್ತ ಬಡ್ಡಿ ನೂರಕ್ಕೆ ಎಷ್ಟು?

(ಉತ್ತರ: 4,750 ರೂ.; ನೂರಕ್ಕೆ ಸುಮಾರು 5 ರೂ. 26 ಪೈಸೆ)