ಬಂದು ಹೋಗುವ ದೋಷಕ್ಕೆ ಸಾಕ್ಷಿ ಯಾವುದು?

ಪೂರ್ತಿ ಕೆಟ್ಟು ನಿಂತ ವಾಹನವನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಆಗೊಮ್ಮೆ ಈಗೊಮ್ಮೆ ಕೆಡುವ ವಾಹನವೇ ಮಾಲೀಕನನ್ನೂ ಮೆಕ್ಯಾನಿಕ್ಕನನ್ನೂ ದಣಿಸುತ್ತದೆ. ಜಹೀರಾಬಾದ್ ಸೀಮೆಯ ಕಬ್ಬಿನ ಹೊಲದಲ್ಲಿ ಎಷ್ಟು ಸಲ ಸೆಲ್ಫ್ ಹೊಡೆದರೂ ಏಳದ ಟ್ರ್ಯಾಕ್ಟರು ಗ್ಯಾರೇಜಿಗೆ ಎಳೆದೊಯ್ದ ಕೂಡಲೇ ಚಾಲೂ ಆಗುತ್ತದೆ. ನಾರಾಯಣಖೇಡದ ಸರಕು ಆಟೋ ಮಳೆಯ ಮುಂಜಾನೆ ಮಾತ್ರ ಮೊಂಡು ಹಿಡಿಯುತ್ತದೆ. ತಾಂಡೂರಿನ ಗಣಿಯಿಂದ ಕಲ್ಲು ಹೇರಿಕೊಂಡು ಹೊರಟ ಲಾರಿ ಎಂಜಿನ್ ಕಾದಾಗಲಷ್ಟೇ ಮುಷ್ಕರ ಹೂಡುತ್ತದೆ. ಕೊನೆಗೆ ಜಾಬ್ ಕಾರ್ಡಿನ ಮೇಲೆ 'ದೋಷ ಕಂಡುಬಂದಿಲ್ಲ' ಎಂಬ ಒಂದು ಸಾಲು ಬೀಳುತ್ತದೆ; ವಾರಂಟಿಯ ಅವಧಿ ಮಾತ್ರ ಸವೆಯುತ್ತಲೇ ಇರುತ್ತದೆ.

ಇಂತಹ ದೋಷವು ನ್ಯಾಯಾಲಯದಲ್ಲಿ ಬಾಯಿ ಬಿಡದ ಸಾಕ್ಷಿಯಂತೆ. ಅದನ್ನು ಕ್ರಮವಾಗಿ ಪ್ರಶ್ನಿಸಬೇಕು. ಮೊದಲ ಪ್ರಶ್ನೆ ಶಬ್ದದ್ದು. ಕೀಲಿ ತಿರುಗಿಸಿದಾಗ 'ಟಕ್' ಎಂದು ಒಮ್ಮೆ ಸದ್ದಾಗಿ ಸುಮ್ಮನಾದರೆ ವಿದ್ಯುತ್ತು ಸೆಲ್ಫ್ ಮೋಟರಿನ ಸೊಲೆನಾಯ್ಡ್‌ವರೆಗೆ ತಲುಪಿದೆ ಎಂದರ್ಥ. ಆಗ ಸಂಶಯ ದಪ್ಪ ಕೇಬಲ್ಲುಗಳ ಮೇಲೂ ಮೋಟರಿನ ಮೇಲೂ ಬೀಳಬೇಕು. 'ಟಕ ಟಕ' ಎಂದು ಬಿಡದೆ ಬಡಿದರೆ ಬಹುತೇಕ ಬ್ಯಾಟರಿ ಇಳಿದಿದೆ. ದೀಪಗಳು ಉರಿಯುತ್ತಿದ್ದೂ ಯಾವ ಸದ್ದೂ ಇಲ್ಲದಿದ್ದರೆ ಕೀಲಿಯ ಸ್ವಿಚ್ಚು, ರಿಲೇ, ಕ್ಲಚ್ಚಿನ ಸುರಕ್ಷತಾ ಸ್ವಿಚ್ಚುಗಳನ್ನು ನೋಡಬೇಕು. ದೀಪಗಳೂ ಒಮ್ಮೆಗೇ ಆರಿದರೆ ಬ್ಯಾಟರಿಯ ಟರ್ಮಿನಲ್ಲುಗಳು ಸಡಿಲವಾಗಿರುವ ಇಲ್ಲವೆ ಬೂಷ್ಟು ಹಿಡಿದಿರುವ ಸಂಭವವೇ ಹೆಚ್ಚು.

ಎರಡನೆಯದು ಅಳತೆ. 12 ವೋಲ್ಟಿನ ಬ್ಯಾಟರಿ ತುಂಬಿದ್ದು ವಿಶ್ರಾಂತಿಯಲ್ಲಿದ್ದಾಗ ಮೀಟರು ಸುಮಾರು 12.6 ತೋರಿಸಬೇಕು, ಸೆಲ್ಫ್ ತಿರುಗುವಾಗ ಸುಮಾರು 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. 24 ವೋಲ್ಟಿನ ಲಾರಿಗಳಿಗೆ ಇವು ಇಮ್ಮಡಿ. ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಿಡಿದು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ತಂತಿಯ ದಾರಿಯಲ್ಲೇ ಅಡಚಣೆಯಿದೆ. ಹೊಸ ಬ್ಯಾಟರಿ ಕೊಂಡರೂ ಆ ಅಡಚಣೆ ಹಾಗೆಯೇ ಉಳಿಯುತ್ತದೆ.

ಮೂರನೆಯದು ಸಂದರ್ಭ. ಕಾವು, ತೇವ, ಅದುರಾಟ ಈ ಮೂರರಲ್ಲಿ ಯಾವುದು ಇದ್ದಾಗ ದೋಷ ತಲೆದೋರುತ್ತದೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ದಿನಾಂಕ, ವೇಳೆ, ಎಂಜಿನ್ ಬಿಸಿಯೋ ತಣ್ಣಗೋ, ಶಬ್ದ ಹೇಗಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದೂ ಮೆಕ್ಯಾನಿಕ್ಕನಿಗೆ ದಾರಿ ತೋರುತ್ತವೆ.

ಅದೇ ಬರಹ ಮುಂದೆ ಕಾನೂನಿನ ಆಸರೆಯೂ ಆಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೆಯ ಕಲಮಿನಂತೆ, ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದ ದೋಷವನ್ನು ಜಿಲ್ಲಾ ಆಯೋಗವು ಸೂಕ್ತ ಪ್ರಯೋಗಾಲಯದ ಪರೀಕ್ಷೆಗೆ ಒಪ್ಪಿಸಬಲ್ಲದು. ಆದರೆ ಪರೀಕ್ಷೆಯ ದಿನ ದೋಷ ಅಡಗಿಕೊಂಡರೆ ಆಸರೆಯಾಗಿ ಉಳಿಯುವುದು ಜಾಬ್ ಕಾರ್ಡುಗಳ ಸರಣಿಯೇ. ಒಂದೇ ದೂರಿಗೆ ಐದು ಸಲ ವಾಹನ ಬಿಟ್ಟದ್ದು ದಾಖಲೆಯಲ್ಲಿದ್ದರೆ 'ದೋಷ ಕಂಡುಬಂದಿಲ್ಲ' ಎಂಬ ಮಾತಿನ ತೂಕ ಇಳಿಯುತ್ತದೆ. ಕನ್ನಡ ಮಾತ್ರ ಬಲ್ಲ ರೈತನು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆದ ಕಾರ್ಡಿಗೆ ಓದಿಸಿಕೊಳ್ಳದೆ ಸಹಿ ಹಾಕುವುದು ತನ್ನ ಸಾಕ್ಷಿಯನ್ನು ತಾನೇ ಕಳೆದುಕೊಂಡಂತೆ.

ಗಡಿಯ ಜನ ಅರಿಯಬೇಕಾದ ಇನ್ನೊಂದು ಅಂಶವಿದೆ. ಬೀದರಿನಲ್ಲೋ ಕಲಬುರಗಿಯಲ್ಲೋ ವಾಹನ ಕೊಂಡವನು ದೂರಿಗಾಗಿ ಈಗ ಅಲ್ಲಿಗೇ ಅಲೆಯಬೇಕಿಲ್ಲ. 34ನೆಯ ಕಲಮು ಗ್ರಾಹಕನು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಲು ಅವಕಾಶ ನೀಡಿದೆ. 1986ರ ಕಾಯ್ದೆಯಲ್ಲಿ ಈ ಸೌಲಭ್ಯವಿರಲಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಆಟೋ ಅಥವಾ ಟ್ರ್ಯಾಕ್ಟರಿನ ಮಾಲೀಕನೂ ಗ್ರಾಹಕನೇ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ 2 ವರ್ಷಗಳೊಳಗೆ ಸಲ್ಲಿಸಬೇಕು.

ಆದರೆ ಎಲ್ಲ ದೋಷಕ್ಕೂ ಹೊಸ ವಾಹನವೇ ಸಿಗುತ್ತದೆಂಬ ಭ್ರಮೆ ಬೇಡ. ಕ್ಲಚ್ಚಿನ ದೋಷವಿದ್ದ ಮಾರುತಿ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ವಾರಂಟಿಯ ಷರತ್ತು ದೋಷವಿರುವ ಭಾಗದ ದುರಸ್ತಿ ಅಥವಾ ಬದಲಾವಣೆಗಷ್ಟೇ ಇರುವಾಗ ಕಾರನ್ನೇ ಬದಲಿಸಿಕೊಡಬೇಕೆಂಬ ಆದೇಶ ಸಲ್ಲದೆಂದು ಹೇಳಿತು. ಆದ್ದರಿಂದ ದೋಷ ಯಾವ ಭಾಗದ್ದೆಂದು ಗುರುತಿಸುವುದು ಗ್ಯಾರೇಜಿನಲ್ಲಿ ಎಷ್ಟು ಮುಖ್ಯವೋ ಆಯೋಗದ ಮುಂದೆಯೂ ಅಷ್ಟೇ ಮುಖ್ಯ. ವಾರಂಟಿ ಮುಗಿಯುವ ಮುನ್ನವೇ ದೂರನ್ನು ಬರಹದಲ್ಲಿ ಕೊಟ್ಟು, ಅದರ ಪ್ರತಿಗೆ ಮೊಹರು ಹಾಕಿಸಿ ಇಟ್ಟುಕೊಂಡವನು ಮುಂದೆ ಪರದಾಡುವುದು ಕಡಿಮೆ.