ಗ್ರಾಮಸಭೆಯ ನಡಾವಳಿಯಲ್ಲಿ ಬೆಂಕಿಗೂ ಒಂದು ಸಾಲು

2019ರ ಫೆಬ್ರುವರಿ ಕೊನೆಯಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಕಾಡು ದಿನಗಟ್ಟಲೆ ಉರಿಯಿತು. 1,454 ಮೀಟರ್ ಎತ್ತರದ, ಮಂಜಿಗೆ ಹೆಸರಾದ ಬೆಟ್ಟದ ಇಳಿಜಾರುಗಳು ಕಪ್ಪಾದವು. ಒಣಗಿ ನಿಂತಿದ್ದ ಲಂಟಾನ ಪೊದೆಗಳನ್ನು ಹಿಡಿದ ಬೆಂಕಿ ಗಾಳಿ ಬೀಸಿದತ್ತ ನುಗ್ಗಿತು. ಬಂಡೀಪುರದ ಸಾವಿರಾರು ಎಕರೆ ಬೂದಿಯಾಯಿತು. ಕಾವಲುಗಾರರು, ಊರೂರುಗಳಿಂದ ಬಂದ ಸ್ವಯಂಸೇವಕರು ಹಸಿಸೊಪ್ಪಿನ ಕೊಂಬೆ ಹಿಡಿದು ಬಡಿದರೂ ಸಾಲದೆ, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ತಂದು ಸುರಿಯಬೇಕಾಯಿತು.

ಅದಕ್ಕೂ ಮೊದಲು, ಹುಲ್ಲು ಇನ್ನೂ ಹಸಿಯಾಗಿದ್ದ ಡಿಸೆಂಬರಿನಲ್ಲಿ, ಬೆಟ್ಟದ ಬುಡದ ಪಂಚಾಯಿತಿಗಳ ಜೊತೆ ಕೂತು ಬೇಸಿಗೆಯ ಲೆಕ್ಕಾಚಾರ ಹಾಕುವ ಪದ್ಧತಿ ನಮ್ಮಲ್ಲಿದ್ದಿದ್ದರೆ? ನಮ್ಮ ವ್ಯವಸ್ಥೆಯಲ್ಲಿ ಕಾಡು ಅರಣ್ಯ ಇಲಾಖೆಯದು, ದೊಡ್ಡ ಕೆರೆ ನೀರಾವರಿ ಇಲಾಖೆಯದು, ಹವಾಮಾನ ದೆಹಲಿಯದು. ಪಂಚಾಯಿತಿಯ ಪಾಲಿಗೆ ಉಳಿಯುವುದು ಚರಂಡಿ, ಬೀದಿದೀಪ ಮತ್ತು ಮನೆ ಹಂಚಿಕೆಯ ಜಗಳ. ಜನ ಅರ್ಜಿ ಕೊಡುವುದೂ ಅಷ್ಟಕ್ಕೇ. ಈ ಅಭ್ಯಾಸ ಬದಲಾಗಬೇಕು ಎನ್ನುವುದು ಈ ಸಂಚಿಕೆಯ ಮಾತು.

ಈ ಬೆಟ್ಟವಿರುವ ತಾಲ್ಲೂಕಿನ ಕೇಂದ್ರವಾದ ಗುಂಡ್ಲುಪೇಟೆಯಲ್ಲಿ ನಿಂತು ಇದನ್ನು ಹೇಳಲು ಇನ್ನೊಂದು ಕಾರಣವಿದೆ. ಅಬ್ದುಲ್ ನಜೀರ್ ಸಾಬ್ ಈ ಊರಿನವರು. ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಹತ್ತು ವರ್ಷ ಮೊದಲೇ, 1983ರ ಕಾಯ್ದೆಯ ಮೂಲಕ, ಅಧಿಕಾರವನ್ನು ಜಿಲ್ಲೆಗೂ ಮಂಡಲಕ್ಕೂ ಇಳಿಸಲು ಹೊರಟ ಮಂತ್ರಿ ಅವರು. ಆ ಕಾಯ್ದೆಯಡಿ ನಡೆದ 1987ರ ಚುನಾವಣೆಯಲ್ಲಿ ನಾಲ್ಕನೆಯ ಒಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್‌ಸಾಬ್’ ಎನಿಸಿಕೊಂಡವರು 1988ರಲ್ಲಿ ತೀರಿಕೊಂಡರು. ಅಂಥವರ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹವಾಮಾನದ ಬಗ್ಗೆ ಸ್ಥಳೀಯ ಸರ್ಕಾರವನ್ನು ಒತ್ತಾಯಿಸಿ ಎಂದರೆ, ಮೊದಲು ಆ ಸರ್ಕಾರ ಇರಲಿ ಎಂದೂ ಒತ್ತಾಯಿಸಬೇಕಾಗಿದೆ.

ನೀರ್‌ಸಾಬರ ತಾಲ್ಲೂಕಿನ ನೀರಿನ ಸ್ಥಿತಿಯನ್ನೇ ನೋಡಿ. ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಗುಂಡ್ಲುಪೇಟೆಯ ಹೆಸರು ಬಂದಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದು ನಂಜನಗೂಡಿನ ಬಳಿ ಕಪಿಲೆಯನ್ನು ಸೇರುವ ಗುಂಡ್ಲು ಹೊಳೆ ವರ್ಷದ ಬಹುಕಾಲ ಒಣಗಿರುತ್ತದೆ. ಈಗ ಅದೇ ಕಪಿಲೆಯ ನೀರನ್ನು ಆಲಂಬೂರಿನಲ್ಲಿ ಎತ್ತಿ, ಪೈಪಿನಲ್ಲಿ ಹಿಂದಕ್ಕೆ ತಂದು ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದೇವೆ. ಅದಕ್ಕಾಗಿ ರೈತರು ಧರಣಿ ಕೂತಿದ್ದಾರೆ, ರಸ್ತೆಗಿಳಿದಿದ್ದಾರೆ. ಹವಾಮಾನ ಹೋರಾಟ ಎಂದು ಅದಕ್ಕೆ ಯಾರೂ ಹೆಸರಿಡಲಿಲ್ಲ. ಆದರೆ ಭರಣಿ ಮಳೆ ನಂಬಿ ಚೆಂಡು ಹೂವಿನ ಸಸಿ ನೆಟ್ಟು, ಆಮೇಲೆ ಆಕಾಶ ನೋಡುತ್ತ ಕೂತವರ ಹೋರಾಟ ಇನ್ನೇನು? 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್‌ರಾಜ್ ವ್ಯವಸ್ಥೆಯ ಹೊಣೆ. ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಒತ್ತುವರಿಯಾಗಿದೆ ಎಂಬುದು ಬೆಂಗಳೂರಿನ ಯಾವ ಕಚೇರಿಗಿಂತಲೂ ಆ ಊರಿನವರಿಗೇ ಚೆನ್ನಾಗಿ ಗೊತ್ತು.

ಬೆಂಕಿಯ ವಿಷಯದಲ್ಲೂ ಇದೇ ಮಾತು. ಇದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ತರಗು ಬೆಂಕಿ’ಯ ಬಗ್ಗೆ ಹೇಳುತ್ತಾರೆ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ತರಗಿಗೆ ಮಾತ್ರ ತಗುಲುವಂತೆ ಇಡುತ್ತಿದ್ದ ಸಣ್ಣ ಬೆಂಕಿ ಅದು. ಮರ ಸುಡುತ್ತಿರಲಿಲ್ಲ, ಹೊಸ ಹುಲ್ಲು ಚಿಗುರುತ್ತಿತ್ತು, ಲಂಟಾನಕ್ಕೆ ನೆಲೆಯೂರಲು ಬಿಡುತ್ತಿರಲಿಲ್ಲ. ಕಾನೂನು ಎಲ್ಲ ಬೆಂಕಿಯನ್ನೂ ನಿಷೇಧಿಸಿದ ಮೇಲೆ ಲಂಟಾನ ಕಾಡನ್ನು ತುಂಬಿತು, ತುಂಬಿದ ಲಂಟಾನವೇ ದೊಡ್ಡ ಬೆಂಕಿಗೆ ಉರುವಲಾಯಿತು ಎಂಬುದು ಅವರ ವಾದ. ಸಂಶೋಧಕರು ಇದನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಬಂಡೀಪುರದಲ್ಲಿ ನಾಳೆಯೇ ಕಡ್ಡಿ ಗೀರಿ ಎಂದು ನಾನು ಹೇಳುತ್ತಿಲ್ಲ. ಆ ತಿಳಿವಳಿಕೆಗೆ ಸಭೆಯಲ್ಲಿ ಒಂದು ಕುರ್ಚಿ ಬೇಕು ಎನ್ನುತ್ತಿದ್ದೇನೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಅರಣ್ಯದ ಮೇಲೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಅದು ಮೊದಲು. ಸೋಲಿಗರ ಹಾಡಿಗಳಾದ ಪೋಡುಗಳ ಜನ ವರ್ಷಗಟ್ಟಲೆ ಅರ್ಜಿ ಬರೆದು, ನಕ್ಷೆ ಮಾಡಿ, ಸಭೆ ಸೇರಿ ಪಡೆದದ್ದು.

ಇನ್ನೊಂದು ಉದಾಹರಣೆ ನಮ್ಮದೇ ರಸ್ತೆಯ ಆ ತುದಿಯಲ್ಲಿದೆ. ಗುಂಡ್ಲುಪೇಟೆಯಿಂದ ಹೆದ್ದಾರಿ 766 ಹಿಡಿದು, ಕಾಡು ಕಳೆದು, ಸುಲ್ತಾನ್ ಬತ್ತೇರಿ ದಾಟಿದರೆ ಕೇರಳದ ವಯನಾಡಿನ ಮೀನಂಗಾಡಿ. 2016ರಲ್ಲಿ ಈ ಗ್ರಾಮ ಪಂಚಾಯಿತಿ, ತಾನು ಹೊರಬಿಡುವಷ್ಟು ಇಂಗಾಲವನ್ನು ತನ್ನ ನೆಲದಲ್ಲೇ ಹೀರಿಸುತ್ತೇನೆ ಎಂದು ನಿರ್ಧರಿಸಿತು. ಊರಿನ ಹೊಗೆಯ ಲೆಕ್ಕ ತೆಗೆಸಿತು. ಗಿಡ ಬೆಳೆಸಿದ ರೈತನಿಗೆ ಗಿಡದ ಮೇಲೆಯೇ ಸಹಕಾರಿ ಬ್ಯಾಂಕಿನಿಂದ ಬಡ್ಡಿಯಿಲ್ಲದ ಸಾಲ: ಗಿಡವೊಂದಕ್ಕೆ ವರ್ಷಕ್ಕೆ 50 ರೂಪಾಯಿ, ಮರ ಕಡಿದರೆ ಮಾತ್ರ ಸಾಲ ತೀರಿಸಬೇಕು. ಕೇರಳ ಸರ್ಕಾರ ಇದಕ್ಕೆ 10 ಕೋಟಿ ರೂಪಾಯಿ ಇಟ್ಟಿತು. ಅದೇ ವಯನಾಡಿನಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದಾಗ ಸತ್ತವರಲ್ಲಿ, ದುಡಿಮೆಗೆಂದು ಹೋಗಿ ಅಲ್ಲೇ ನೆಲೆಸಿದ್ದ ಚಾಮರಾಜನಗರ ಜಿಲ್ಲೆಯವರೂ ಇದ್ದರು. ಗಡಿಯಾಚೆಯ ಮಳೆ ನಮ್ಮ ಮನೆಗಳಿಗೂ ಸಾವು ತಂದಿತು. ಗಡಿಯಾಚೆಯ ಒಂದು ಪಂಚಾಯಿತಿಯ ಧೈರ್ಯವನ್ನೂ ತಂದುಕೊಳ್ಳೋಣ.

ದುಡ್ಡೆಲ್ಲಿ ಎಂದು ಸದಸ್ಯರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣವಾಗಿತ್ತು; ಸಿಬ್ಬಂದಿಯೂ ಕಡಿಮೆ. 2023ರಲ್ಲಿ ಬೆಂಗಳೂರಿನ ಪಾಲಿಕೆ ತನ್ನ ಹವಾಮಾನ ಯೋಜನೆಯನ್ನು ಹೊರತಂದಿತು. ನಮ್ಮ ತಾಲ್ಲೂಕಿನ ಹಂಗಳದಂಥ ಊರಿಗೆ ಅದನ್ನು ಬರೆದುಕೊಡುವ ತಜ್ಞರು ಬರುವುದಿಲ್ಲ. ಆದರೂ ಕೇಳಬಹುದಾದದ್ದು ಬಹಳವಿದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಕಡೆಯ ಸಭೆ ಯಾವಾಗ ನಡೆಯಿತು ಎಂದು ಕೇಳಿ. ಪಂಚಾಯಿತಿಯ ‘ನಮ್ಮ ಗ್ರಾಮ ನಮ್ಮ ಯೋಜನೆ’ ತಯಾರಾಗುವಾಗ ಕಾಲುವೆ ತೆರವು, ಗೋಮಾಳದಲ್ಲಿ ಮರ, ಕಾಡಂಚಿನ ಮನೆಗಳಿಗೆ ಸೌದೆಯ ಬದಲು ಗ್ಯಾಸ್, ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯ ಜೊತೆ ಒಂದು ಜಂಟಿ ಸಭೆ, ಬೆಂಕಿ ಕಾವಲಿನ ಕೆಲಸದಲ್ಲಿ ಕಾಡಂಚಿನ ಯುವಕರಿಗೆ ಮೊದಲ ಅವಕಾಶ, ಇವನ್ನು ಸೇರಿಸಲು ಹೇಳಿ. ಬಾಯಿಮಾತಿನಲ್ಲಿ ಬಿಡಬೇಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕೈಯಿಂದ ಸ್ವೀಕೃತಿ ಪಡೆಯಿರಿ. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ನಿಮ್ಮೂರಿನ ಸಭೆಯಲ್ಲಿ ಇಂಥದ್ದೊಂದು ನಿರ್ಣಯವಾದರೆ ಅದರ ನಕಲನ್ನು ಪತ್ರಿಕೆಗೆ ಕಳುಹಿಸಿ. ನಿರ್ಣಯವನ್ನೂ ಅದಕ್ಕೆ ಬಂದ ಉತ್ತರವನ್ನೂ ಅಚ್ಚು ಮಾಡುತ್ತೇವೆ; ಉತ್ತರ ಬಾರದಿದ್ದರೆ ಮರುಸಂಚಿಕೆಯಲ್ಲಿ ಆ ನಿರ್ಣಯವನ್ನೇ ಮತ್ತೆ ಅಚ್ಚು ಮಾಡುತ್ತೇವೆ.