ಇನ್ನೊಂದು ಸಲ

ಜೂಜಿಗೆ ಬಿದ್ದವನನ್ನು ಕಂಡರೆ ‘ದುಡಿಯಲಾರದ ಮೈಗಳ್ಳ’ ಎಂದುಬಿಡುವುದು ರೂಢಿ. ಈ ಮಾತನ್ನು ನಾವು ಒಪ್ಪಲಾರೆವು. ಬೆಳಗಿನಿಂದ ಸಂಜೆಯವರೆಗೆ ಕಾಯಕ ಮಾಡುವವನೂ ಮೊಬೈಲಿನ ಜೂಜಿಗೆ ಸಿಕ್ಕಬಲ್ಲ. ಏಕೆಂದರೆ ಆ ಯಂತ್ರ ಬಲೆ ಬೀಸುವುದು ಸೋಮಾರಿತನಕ್ಕಲ್ಲ, ಆಸೆಗೆ.

ಇದರ ಮರ್ಮವನ್ನು ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿಯೇ ಪಾರಿವಾಳಗಳಿಂದ ತೋರಿಸಿಕೊಟ್ಟರು. ಕುಕ್ಕಿದಾಗಲೆಲ್ಲ ಬೀಳುತ್ತಿದ್ದ ಕಾಳು ನಿಂತರೆ ಹಕ್ಕಿ ಬೇಗ ಸುಮ್ಮನಾಗುತ್ತದೆ. ಯಾವಾಗ ಬೀಳುವುದೆಂದು ತಿಳಿಯದಂತೆ ಹಾಕಿದರೆ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರವೂ ಹಾಗೆಯೇ. ಮೂರು ಚಿತ್ರಗಳಲ್ಲಿ ಎರಡು ಕೂಡಿ ಮೂರನೆಯದು ಕೂದಲೆಳೆಯಲ್ಲಿ ತಪ್ಪಿದಾಗ, ಸೋತವನಿಗೆ ಗೆಲುವು ಬಾಗಿಲಿಗೆ ಬಂದಂತೆ ಭಾಸವಾಗುತ್ತದೆ. ಯಂತ್ರಕ್ಕೋ ಹಿಂದಿನ ಆಟದ ನೆನಪೇ ಇರುವುದಿಲ್ಲ. ಗುಂಡಿ ಒತ್ತುವುದು ತನ್ನ ಬೆರಳಾದ್ದರಿಂದ ಆಟವೂ ತನ್ನ ಕೈಯಲ್ಲಿದೆ ಎಂಬ ಭ್ರಮೆ ಬೇರೆ! ಧರ್ಮರಾಯನಿಗೆ ಎದುರು ಕುಳಿತ ಶಕುನಿಯ ಮುಖವಾದರೂ ಕಾಣುತ್ತಿತ್ತು.

ನಮ್ಮ ನಾಡಿನವರು ಇದನ್ನು ವಿಶೇಷವಾಗಿ ಯೋಚಿಸಬೇಕು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬೆಳೆಯುವವನಿಗೆ ಅನಿಶ್ಚಿತವೆಂಬುದು ಹೊಸತಲ್ಲ. ಅಕಾಲ ಮಳೆ ಬಂದರೆ ಗೊನೆ ಕೊಳೆಯುತ್ತದೆ, ಬಂಪರ್ ಬೆಳೆ ಬಂದರೆ ಒಣದ್ರಾಕ್ಷಿಯ ಧಾರಣೆ ಇಳಿಯುತ್ತದೆ. ಆದರೂ ‘ಬರುವ ವರ್ಷ ನೋಡೋಣ’ ಎಂದು ಸಾಲ ತಂದು ಮತ್ತೆ ಚಾಟನಿಗೆ ಇಳಿಯುತ್ತಾನೆ. ಆ ಛಲವಿಲ್ಲದಿದ್ದರೆ ಈ ಬರಡು ನೆಲದಲ್ಲಿ ತೋಟಗಳೇ ಏಳುತ್ತಿರಲಿಲ್ಲ. ಅದೇ ಛಲವನ್ನು ಯಂತ್ರ ‘ಇನ್ನೊಂದು ಸಲ’ ಎಂದು ತಿರುಗಿಸಿಕೊಳ್ಳುತ್ತದೆ. ಭೂತಾಯಿ ರೈತನನ್ನು ಸೋಲಿಸಬೇಕೆಂದು ಲೆಕ್ಕ ಹಾಕಿಟ್ಟಿಲ್ಲ. ಯಂತ್ರದ ಒಡೆಯ ಹಾಕಿಟ್ಟಿರುತ್ತಾನೆ.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅಂಗಡಿ ಮುಚ್ಚಿದರೂ ಗೀಳು ಮುಚ್ಚುವುದಿಲ್ಲ. ಮನೆತನದ ಮರ್ಯಾದೆಗೆ ಅಂಜಿ ಹಿರಿಯರು ಹೊಲ ಒತ್ತೆಯಿಟ್ಟು ಸಾಲ ತೀರಿಸಿ ಸುಮ್ಮನಾಗುತ್ತಾರೆ. ಸಾಲ ತೀರಿದವನ ಮನಸ್ಸಿನಲ್ಲಿ ಕಳೆದದ್ದನ್ನು ಮರಳಿ ಗೆಲ್ಲುವ ಹಂಬಲ ಹಾಗೆಯೇ ಉಳಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ಗೀಳಿಗೂ ಸ್ಥಾನವಿದೆ. ಜ್ವರ ಬಂದ ಮಗನನ್ನು ಯಾರೂ ಕೋಣೆಯಲ್ಲಿ ಬಚ್ಚಿಡುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ 2014ರಲ್ಲಿ ಚಿಕಿತ್ಸಾಲಯ ತೆರೆದಿದ್ದಾರೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ದೂರವಾಣಿ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಲಹೆಗಾರರು ಕನ್ನಡದಲ್ಲಿಯೇ ಮಾತನಾಡುತ್ತಾರೆ, ಖರ್ಚಿಲ್ಲ. ಮಗ ಮಾಡದಿದ್ದರೆ ತಾಯಿಯೇ ಮಾಡಬಹುದು.